ಕಡಬಕ್ಕೆ ಒಯ್ದ ಎರಡು ಡಬ್ಬಿ

ಆ ಎರಡು ಡಬ್ಬಿಗಳನ್ನು ಆರಿಸಿದ್ದು ನಾನೇ. ಬುತ್ತಿಯ ಜೊತೆ ಉಪ್ಪಿನಕಾಯಿ ಹಾಕಿಕೊಳ್ಳುವ, ಅಂಗೈಯೊಳಗೆ ಮುಚ್ಚಿಹೋಗುವ ಸ್ಟೀಲ್ ಡಬ್ಬಿಗಳು. ಒಂದರಲ್ಲಿ ಕೇರಂ ಆಟದ ಕಪ್ಪು ಬಿಲ್ಲೆ, ಇನ್ನೊಂದರಲ್ಲಿ ಬಿಳಿ. ಎರಡನ್ನೂ ಬಟ್ಟೆಯ ಚೀಲಕ್ಕೆ ಹಾಕಿ ಕುಲುಕಿದರೆ ಯಾವುದರಲ್ಲಿ ಯಾವುದಿದೆ ಎಂದು ನನಗೂ ತಿಳಿಯುತ್ತಿರಲಿಲ್ಲ. ಒಂದನ್ನು ವೇದಿಕೆಯ ಮೇಲಿಟ್ಟು ಇನ್ನೊಂದನ್ನು ದೂರ ಕಳಿಸುವುದು. ಅಲ್ಲಿ ತೆರೆದವರು ಫೋನಿನಲ್ಲಿ ಬಣ್ಣ ಹೇಳುವುದು. ನಾನು ಮುಚ್ಚಳ ತೆಗೆಯದೆಯೇ ಇಲ್ಲಿಯದರ ಬಣ್ಣ ಹೇಳುವುದು. ಇಷ್ಟೇ ಆಟ.

ಸುಳ್ಯದ ಕಾರ್ಯಕ್ರಮದಲ್ಲಿ ಡಬ್ಬಿ ಬಸ್ಸು ಹತ್ತಿ ಜಾಲ್ಸೂರಿಗೆ ಹೋಯಿತು. ಒಯ್ದ ಉಪನ್ಯಾಸಕರು ಕಾಸರಗೋಡು ಬಸ್ಸುಗಳ ಹಾರ್ನಿನ ನಡುವೆ ನಿಂತು, "ಕಪ್ಪು ಮೇಡಂ, ಕಪ್ಪು" ಎಂದು ಫೋನಿನಲ್ಲಿ ಕೂಗಿದರು. ನಾನು ಎರಡು ಸೆಕೆಂಡು ಸುಮ್ಮನಿದ್ದು, "ಹಾಗಾದರೆ ಇಲ್ಲಿರುವುದು ಬಿಳಿ" ಎಂದು ಮುಚ್ಚಳ ತೆಗೆದೆ. ಆ ಎರಡು ಸೆಕೆಂಡಿನ ಮೌನ ನಾನು ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದು. ಚಪ್ಪಾಳೆ ಅದಕ್ಕೇ ಬೀಳುವುದು. "ಇದೇ ಎಂಟ್ಯಾಂಗಲ್‌ಮೆಂಟ್" ಎಂದೆ. "ಎರಡು ಕಣಗಳು ಹೆಣೆದುಕೊಂಡಿದ್ದರೆ ಒಂದನ್ನು ಅಳೆದ ಕೂಡಲೇ ಇನ್ನೊಂದರದ್ದೂ ತಿಳಿಯುತ್ತದೆ, ಅದು ಎಷ್ಟೇ ದೂರವಿರಲಿ."

ಆ ವರ್ಷ ಪುತ್ತೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಎರಡು ಕೆಲಸ. ಆರನೆಯ ಸೆಮಿಸ್ಟರಿನವರಿಗೆ ಕ್ವಾಂಟಮ್ ಕಂಪ್ಯೂಟಿಂಗ್ ಪಾಠ ಮಾಡುವುದು ಒಂದು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಪಿಯು ಕಾಲೇಜುಗಳಿಗೆ ಹೋಗಿ ಆ ವಿಷಯವನ್ನು ಮಕ್ಕಳಿಗೆ ಪರಿಚಯಿಸುವುದು ಇನ್ನೊಂದು. ಹುದ್ದೆ ಒಂದೇ ವರ್ಷದ್ದು. ಕೊನೆಯ ಕಾರ್ಯಕ್ರಮಕ್ಕೆ ಒಂದು ಸಮಿತಿ ಬಂದು ನೋಡುತ್ತದೆ, ಅದರ ವರದಿಯ ಮೇಲೆ ನಾನು ಮುಂದುವರಿಯುತ್ತೇನೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. ಇದನ್ನು ಮೊದಲ ದಿನವೇ ಹೇಳಿದ್ದರು.

ಸಂದರ್ಶನದಲ್ಲೂ ನಾನು ವಾದವನ್ನೇ ಮಾಡಿದ್ದೆ. ಈ ಕ್ವಾಂಟಮ್ ಯಂತ್ರಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವುದರಲ್ಲಿ ಮುಕ್ಕಾಲು ಪಾಲು ಜಾಹೀರಾತು, ನಮ್ಮ ದಿನಬಳಕೆಯ ಒಂದು ಲೆಕ್ಕವನ್ನೂ ಅವು ಇನ್ನೂ ಬಿಡಿಸಿಕೊಟ್ಟಿಲ್ಲ ಎಂದೆ. ವಿಭಾಗದ ಮುಖ್ಯಸ್ಥರು ನಕ್ಕರು. ಕೆಲಸಕ್ಕೆ ಸೇರಿದ ಮೇಲೆ ಕಾರಣ ಹೇಳಿದರು: "ನಂಬದವಳೇ ಬಂದು ಹೇಳಿದ್ರೆ ಮಕ್ಕಳು ಬೇಗ ನಂಬ್ತಾರೆ ಮಾರಾಯ್ತಿ."

ಅವರ ಲೆಕ್ಕ ಸರಿಯಿತ್ತು. ಪ್ರತಿ ಕಾಲೇಜಿನಲ್ಲೂ ಮೊದಲ ಹತ್ತು ನಿಮಿಷ ರೋಗ ವಾಸಿಮಾಡುವ ಕ್ವಾಂಟಮ್ ಪದಕ, ಕ್ವಾಂಟಮ್ ನೀರಿನ ಬಾಟ್ಲಿ ಎಂದೆಲ್ಲ ಮಾರುವವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಇವಳು ಸುಳ್ಳು ಹೇಳುವವಳಲ್ಲ ಎಂಬ ನಂಬಿಕೆ ಕುದುರಿದ ಮೇಲೆ ಡಬ್ಬಿ ತೆರೆಯುತ್ತಿದ್ದೆ.

ಕಡಬಕ್ಕೆ ಹೋದದ್ದು ಒಂದು ಬುಧವಾರ. ಅಲ್ಲಿನ ಭೌತಶಾಸ್ತ್ರದ ಉಪನ್ಯಾಸಕರು ಐವತ್ತರ ಆಸುಪಾಸಿನವರು, ಮಾತು ಕಡಿಮೆ. ಒಂದು ಡಬ್ಬಿಯನ್ನು ಅವರೇ ಪೇಟೆಯ ಬಸ್ ನಿಲ್ದಾಣದವರೆಗೆ ಒಯ್ದು ಅಲ್ಲಿಂದ ಫೋನ್ ಮಾಡಿದರು. ಬಣ್ಣ ಹೇಳಿದರು, ನಾನು ಬಣ್ಣ ಹೇಳಿದೆ, ಚಪ್ಪಾಳೆ ಬಿತ್ತು. ಅವರು ಹಿಂತಿರುಗಿ ಬಾಗಿಲ ಬಳಿ ನಿಂತಾಗ ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಪ್ರಥಮ ಪಿಯು, ಆಲಂಕಾರಿನವಳು.

"ಮೇಡಂ, ಒಂದು ಡೌಟ್ ಉಂಟು."

"ಕೇಳು."

"ಅದು ತೆರೆದದ್ದಕ್ಕೆ ಕಪ್ಪಾದದ್ದಾ, ಮೊದಲೇ ಕಪ್ಪಿದ್ದದ್ದಾ?"

"ತೆರೆಯುವ ತನಕ ಯಾರಿಗೂ ಗೊತ್ತಿರಲಿಲ್ಲ."

"ಗೊತ್ತಿರ್ಲಿಲ್ಲ, ಸರಿ. ಆದ್ರೆ ಇತ್ತಲ್ಲ ಒಳಗೆ. ನಮ್ಮ ಅಂಗಡಿಯಲ್ಲಿ ಅದೃಷ್ಟದ ಚೀಟಿ ಉಂಟು, ಸಣ್ಣ ಮಕ್ಕಳು ಹರಿದು ನೋಡುದು. ಬಲೂನು ಅಂತ ಒಳಗೆ ಮೊದಲೇ ಪ್ರಿಂಟ್ ಆಗಿರ್ತದೆ, ಹರಿದದ್ದಕ್ಕೆ ಬರುದಲ್ಲ. ಇದೂ ಹಾಗೇ ಅಲ್ವಾ? ಇದಕ್ಕೆ ಕ್ವಾಂಟಮ್ ಎಂತಕ್ಕೆ?"

ಸಭೆಯಲ್ಲಿ ಸಣ್ಣ ಗುಜುಗುಜು. ನನ್ನೊಳಗೆ ಎಂಟು ವರ್ಷದ ಅಭ್ಯಾಸ ಎದ್ದು ನಿಂತಿತು. ಚರ್ಚಾಸ್ಪರ್ಧೆಯಲ್ಲಿ ನಾಣ್ಯ ಚಿಮ್ಮಿ ಪರವೋ ವಿರೋಧವೋ ಎಂದು ನಿರ್ಧರಿಸುತ್ತಾರೆ. ಬಿದ್ದ ಪಕ್ಷವನ್ನು ಸಮರ್ಥಿಸುವುದು ನಿನ್ನ ಕೆಲಸ, ಅದು ಸರಿಯೋ ತಪ್ಪೋ ನೋಡುವುದು ನಿನ್ನ ಕೆಲಸವಲ್ಲ. ಎದುರಾಳಿಯ ವಾದ ಗಟ್ಟಿಯಿದ್ದರೆ ಅದನ್ನು ಮುಟ್ಟಬೇಡ, ಸಾಬೀತು ಮಾಡುವ ಹೊರೆಯನ್ನು ಅವರ ತಲೆಗೆ ದಾಟಿಸು. ನಾನು ಗೆದ್ದ ಬಹುಮಾನಗಳಲ್ಲಿ ಅರ್ಧದಷ್ಟು ಹೀಗೆ ಬಂದವು.

"ತೆರೆಯುವ ಮೊದಲು ಅದು ಕಪ್ಪಿದ್ದದ್ದನ್ನು ನೀನು ನೋಡಿದ್ದೀಯಾ?"

"ಇಲ್ಲ."

"ಇಲ್ಲಿ ಬೇರೆ ಯಾರಾದರೂ ನೋಡಿದ್ದಾರಾ?"

"ಇಲ್ಲ ಮೇಡಂ" ಎಂದು ಇಡೀ ಸಭೆ ರಾಗವಾಗಿ ಹೇಳಿತು.

"ನೋಡದ್ದನ್ನು ಇತ್ತು ಅಂತ ಹೇಳುವುದಕ್ಕೆ ನಂಬಿಕೆ ಅಂತಾರೆ, ವಿಜ್ಞಾನ ಅಲ್ಲ."

ನಗು, ಚಪ್ಪಾಳೆ. ಹುಡುಗಿ ಒಂದು ಕ್ಷಣ ನಿಂತೇ ಇದ್ದಳು. ಆಮೇಲೆ ಕುಳಿತಳು. ಅವಳ ಮುಖದಲ್ಲಿ ಅವಮಾನವೇನೂ ಕಾಣಲಿಲ್ಲ. ಅಂಗಡಿಗೆ ಬಂದವರು ಹರಿದ ನೋಟು ಮಡಚಿ ಕೊಟ್ಟು ಹೋದರೆ ಹೇಗೆ ನೋಡುತ್ತಾರೋ ಹಾಗೆ ನನ್ನನ್ನು ನೋಡುತ್ತಿದ್ದಳು.

ಸ್ಟಾಫ್ ರೂಮಿನಲ್ಲಿ ಚಹಾ ಕೊಟ್ಟು ಉಪನ್ಯಾಸಕರು ಹೇಳಿದರು: "ನಿಮ್ಮ ಮಾತು ಲಾಯ್ಕ ಉಂಟು ಮೇಡಂ. ಒಂದೇ ಏಟಿಗೆ ಕೂರಿಸಿಬಿಟ್ರಿ."

"ಹುಡುಗಿ ಹುಷಾರಿದ್ದಾಳೆ" ಎಂದೆ.

"ಹೌದು. ನಾಳೆ ನನ್ನ ಹತ್ರ ಬಂದು ಅದನ್ನೇ ಕೇಳ್ತಾಳೆ. ನಾನೆಂತ ಹೇಳುದು?"

ಅವರು ವ್ಯಂಗ್ಯಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಉತ್ತರ ಬೇಕಿತ್ತು. ನಾನು ಬಸ್ಸಿನ ಹೊತ್ತಾಯಿತು ಎಂದು ಎದ್ದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೂ ನೆಮ್ಮದಿಯಿಂದ ಕೂರಲಾಗಲಿಲ್ಲ. ಚೀಲದೊಳಗೆ ಎರಡು ಡಬ್ಬಿಗಳು ಪ್ರತಿ ತಿರುವಿಗೂ ಟಣ್ ಎನ್ನುತ್ತಿದ್ದವು. ಅವಳು ಹೇಳಿದ್ದು ಸರಿಯೆಂದು ನನಗೆ ಅವಳು ವಾಕ್ಯ ಮುಗಿಸುವ ಮೊದಲೇ ಗೊತ್ತಿತ್ತು. ಎಂಟ್ಯಾಂಗಲ್‌ಮೆಂಟಿನ ವಿಶೇಷವೇ ಅದು: ಕಣಗಳ ನಡುವಿನ ಹೊಂದಾಣಿಕೆಯನ್ನು ಮೊದಲೇ ಬರೆದಿಟ್ಟ ಚೀಟಿಗಳಿಂದ ವಿವರಿಸಲಾಗುವುದಿಲ್ಲ. ನನ್ನ ಡಬ್ಬಿಗಳನ್ನಾದರೆ ಪೂರ್ತಿ ವಿವರಿಸಬಹುದು. ಅಂದರೆ ನಾನು ತೋರಿಸುತ್ತಿದ್ದುದು ಎಂಟ್ಯಾಂಗಲ್‌ಮೆಂಟ್ ಯಾವುದಲ್ಲವೋ ಅದನ್ನೇ. ಹೋಲಿಕೆ ತಾನೇ, ಇರಲಿ, ಮಕ್ಕಳಿಗೆ ಅಷ್ಟು ಸಾಕು ಎಂದು ನನಗೆ ನಾನೇ ಹೇಳಿಕೊಂಡು ಎಂಟು ಕಾಲೇಜು ಮುಗಿಸಿದ್ದೆ. ಪದಕ ಮಾರುವವರೂ ತಮಗೆ ತಾವು ಹೀಗೇ ಏನೋ ಹೇಳಿಕೊಳ್ಳುತ್ತಿರಬೇಕು.

ಆಲಂಕಾರಿನಲ್ಲಿ ಬಸ್ಸು ನಿಂತಾಗ ಇಳಿದುಬಿಟ್ಟೆ. ಯಾಕೆಂದು ಗೊತ್ತಿಲ್ಲ. ನಿಲ್ದಾಣದ ಎದುರಿನ ಅಂಗಡಿಯಲ್ಲಿ ಚೀಟಿಗಳ ಹಾಳೆ ನೇತಾಡುತ್ತಿತ್ತು, ಸುತ್ತಲೂ ಬಲೂನು, ಪ್ಲಾಸ್ಟಿಕ್ ವಾಚು. ಅದು ಅವಳ ಮನೆಯವರ ಅಂಗಡಿಯೇ ಆಗಿತ್ತೋ, ಕೇಳಲಿಲ್ಲ. ಐದು ಚೀಟಿ ತೆಗೆದುಕೊಂಡೆ.

"ಮಕ್ಕಳಿಗಾ?" ಎಂದರು ಅಂಗಡಿಯ ಹೆಂಗಸು.

"ನನಗೇ."

"ನಿಮಗೆ ಬಲೂನು ಎಂತಕ್ಕೆ ಮಾರಾಯ್ರೆ?"

ಅಲ್ಲೇ ನಿಂತು ಐದನ್ನೂ ಹರಿದೆ. ಒಂದು ಬಲೂನು, ನಾಲ್ಕು ಖಾಲಿ. ಎಲ್ಲವೂ ಹರಿಯುವ ಮೊದಲೇ ಹಾಗೇ ಇದ್ದವು.

ಮರುದಿನ ಬೆಳಿಗ್ಗೆ ಮುಖ್ಯಸ್ಥರ ಕೋಣೆಗೆ ಹೋಗಿ, ಕೊನೆಯ ಕಾರ್ಯಕ್ರಮದಲ್ಲಿ ಡಬ್ಬಿ ಬೇಡ ಎಂದೆ.

"ಬೇಡ ಅಂದ್ರೆ ಎಂತ? ಪೋಸ್ಟರಿನಲ್ಲಿ ಡಬ್ಬಿಯದ್ದೇ ಚಿತ್ರ ಉಂಟು."

"ಅದು ತಪ್ಪು ಸರ್. ಹಾಗೆ ತೋರಿಸಿದರೆ ಮಕ್ಕಳು ತಪ್ಪು ಕಲಿಯುತ್ತಾರೆ."

"ಮೂರು ತಿಂಗಳಿಂದ ತಪ್ಪು ಅಂತ ಕಾಣ್ಲಿಲ್ವಾ?"

"ಒಬ್ಬಳು ಹುಡುಗಿ ಕೇಳಿದಳು."

"ಕೇಳಿದವಳಿಗೆ ಉತ್ತರ ಕೊಟ್ಟಿದ್ದೀ ಅಂತ ವಿಡಿಯೋ ಬಂತಲ್ಲ ನನಗೆ. ಒಳ್ಳೇ ಚಪ್ಪಾಳೆ ಉಂಟು ಅದರಲ್ಲಿ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡು, ಸಮಾರೋಪ ಅದೇ ಕಡಬದ ಕಾಲೇಜಿನಲ್ಲಿ, ಸಮಿತಿಯವರಿಬ್ಬರು ಅಲ್ಲಿಗೆ ಬರ್ತಾರೆ. ಅವರು ಕೂತುಕೊಳ್ಳುದು ಒಂದು ಗಂಟೆ. ಆ ಒಂದು ಗಂಟೆಯಲ್ಲಿ ನಿನ್ನ ಹುದ್ದೆ ಉಂಟಾ ಇಲ್ವಾ ಅಂತ ಆಗ್ತದೆ. ಡಬ್ಬಿ ಯಾವತ್ತೂ ಕೈಕೊಟ್ಟದ್ದಿಲ್ಲ."

"ಕೈಕೊಡದ್ದೇ ಅದರ ದೋಷ" ಎಂದೆ. ಮಾತು ಚೆನ್ನಾಗಿ ಬಂತು ಎಂದು ನನಗೇ ಅನ್ನಿಸಿ, ತಕ್ಷಣ ನಾಚಿಕೆಯಾಯಿತು. ಇಲ್ಲೂ ಗೆಲ್ಲಲು ನೋಡುತ್ತಿದ್ದೆ.

"ಬೇರೆ ಎಂತ ಮಾಡ್ತಿ?"

"ಒಂದು ಆಟ ಉಂಟು ಸರ್. ಮೂರು ವಾರ ಕೊಡಿ."

"ಮಾಡು. ಡಬ್ಬಿ ಮಾತ್ರ ಚೀಲದಲ್ಲಿ ಇರ್ಲಿ."

ಆಟ ನಾನು ಕಂಡುಹಿಡಿದದ್ದಲ್ಲ, ಕ್ವಾಂಟಮ್ ಪಠ್ಯಗಳಲ್ಲೆಲ್ಲ ಇರುವಂಥದ್ದು. ಇಬ್ಬರು ಆಟಗಾರರು, ಎರಡು ಬೇರೆ ಬೇರೆ ಕೋಣೆ. ಪ್ರತಿ ಸುತ್ತಿನಲ್ಲಿ ಇಬ್ಬರಿಗೂ ಒಂದೊಂದು ಕಾರ್ಡು ತೋರಿಸುತ್ತಾರೆ, ಕೆಂಪು ಅಥವಾ ಹಸಿರು. ಯಾರಿಗೆ ಯಾವುದು ಎನ್ನುವುದು ನಾಣ್ಯ ಚಿಮ್ಮಿ ತೀರ್ಮಾನ. ಒಬ್ಬರ ಕಾರ್ಡು ಇನ್ನೊಬ್ಬರಿಗೆ ಗೊತ್ತಿಲ್ಲ. ಇಬ್ಬರೂ "ಹೂಂ" ಅಥವಾ "ಊಹೂಂ" ಎಂದು ಬರೆಯಬೇಕು. ಇಬ್ಬರಿಗೂ ಕೆಂಪು ಬಂದಿದ್ದರೆ ಉತ್ತರಗಳು ಬೇರೆ ಬೇರೆ ಇರಬೇಕು. ಉಳಿದ ಮೂರು ಸಂದರ್ಭಗಳಲ್ಲಿ ಒಂದೇ ಆಗಿರಬೇಕು. ಮೊದಲು ಕೂತು ಎಷ್ಟು ಬೇಕಾದರೂ ಒಪ್ಪಂದ ಮಾಡಿಕೊಳ್ಳಬಹುದು. ಆಟ ಶುರುವಾದ ಮೇಲೆ ಮಾತಿಲ್ಲ.

ಉತ್ತರಗಳನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋದವರು, ಎಷ್ಟೇ ಜಾಣರಿರಲಿ, ಸರಾಸರಿ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ಗೆಲ್ಲಲಾರರು. ನೂರಕ್ಕೆ ಎಪ್ಪತ್ತೈದು. ಕ್ವಾಂಟಮ್ ಯಂತ್ರದ ಲೆಕ್ಕದ ಘಟಕಗಳಾದ, ಹೆಣೆದುಕೊಂಡ ಎರಡು ಕ್ಯೂಬಿಟ್‌ಗಳನ್ನು ಅಳೆದು ಉತ್ತರ ಕೊಟ್ಟರೆ, ಯಂತ್ರ ಒಂದೂ ತಪ್ಪು ಮಾಡದಿದ್ದರೆ, ಸುಮಾರು ಎಂಬತ್ತೈದರವರೆಗೆ ಹೋಗಬಹುದು. ಎಪ್ಪತ್ತೈದು ದಾಟಿದರೆ ಆಲಂಕಾರಿನ ಹುಡುಗಿಗೆ ಉತ್ತರ ಸಿಕ್ಕಿತು. ದಾಟದಿದ್ದರೆ ಇಲ್ಲ. ವಾದಕ್ಕೆ ಎಡೆಯೇ ಇಲ್ಲದ ಗೆರೆ ಅದು.

ಆರನೆಯ ಸೆಮಿಸ್ಟರಿನವರನ್ನು ಕೂರಿಸಿಕೊಂಡು ಕೆಲಸ ಶುರುಮಾಡಿದೆ. ಪ್ರೋಗ್ರಾಮು ಉದ್ದದ್ದಲ್ಲ: ಎರಡು ಕ್ಯೂಬಿಟ್ ಹೆಣೆಯುವುದು, ಕಾರ್ಡಿನ ಬಣ್ಣಕ್ಕೆ ತಕ್ಕಂತೆ ಪ್ರತಿಯೊಂದನ್ನೂ ಒಂದು ನಿರ್ದಿಷ್ಟ ಕೋನಕ್ಕೆ ತಿರುಗಿಸುವುದು, ಅಳೆಯುವುದು. ನಾಲ್ಕು ಬಣ್ಣದ ಜೋಡಿಗಳಿಗೆ ನಾಲ್ಕು ತುಣುಕು. ಮೊದಲ ದಿನ ಒಂದು ಕೋನದ ಚಿಹ್ನೆ ತಿರುಗಾಮುರುಗಾ ಆಗಿ ಫಲಿತಾಂಶ ಐವತ್ತರಲ್ಲಿ ನಿಂತಿತು. ಎರಡನೆಯ ದಿನ ಸರಿಯಾಯಿತು. ಲ್ಯಾಪ್‌ಟಾಪಿನೊಳಗಿನ ಅಣಕು ಯಂತ್ರ, ಅಂದರೆ ಕ್ವಾಂಟಮ್ ಯಂತ್ರ ಹೇಗೆ ವರ್ತಿಸಬೇಕೋ ಅದನ್ನು ಲೆಕ್ಕಹಾಕಿ ತೋರಿಸುವ ಸಾಫ್ಟ್‌ವೇರ್, ಎಂಬತ್ತೈದು ಕೊಟ್ಟಿತು. ಹುಡುಗರು ಕುಣಿದರು.

"ಇದು ನಮ್ಮದೇ ಲೆಕ್ಕ" ಎಂದೆ. "ನಾವು ಹಾಕಿದ ಸೂತ್ರ ನಮಗೇ ವಾಪಸು ಹೇಳ್ತಾ ಉಂಟು. ನಿಜವಾದ ಯಂತ್ರದಲ್ಲಿ ಓಡಿಸಬೇಕು."

ನಿಜವಾದ ಯಂತ್ರ ಸಮುದ್ರದಾಚೆ ಎಲ್ಲೋ ಇದೆ. ಇಂಟರ್‌ನೆಟ್ಟಿನಲ್ಲಿ ಕೆಲಸ ಕಳಿಸಿ ಸರದಿಯಲ್ಲಿ ಕಾಯಬೇಕು. ನಮ್ಮಂಥ ಪುಕ್ಕಟೆ ಖಾತೆಯವರಿಗೆ ತಿಂಗಳಿಗೆ ಕೆಲವೇ ನಿಮಿಷ. ಆ ಯಂತ್ರದಲ್ಲಿ ಕ್ಯೂಬಿಟ್‌ಗಳು ಜಾಲದಂತೆ ಹರಡಿಕೊಂಡಿವೆ. ಎಲ್ಲವೂ ಒಂದೇ ಗುಣಮಟ್ಟದವಲ್ಲ. ಆ ದಿನ ಯಾವ ಜೋಡಿ ಚೆನ್ನಾಗಿದೆ ಎಂಬ ಪಟ್ಟಿ ನೋಡಿ, ಪಕ್ಕಪಕ್ಕದ ಎರಡನ್ನು ಆರಿಸಿ, ಅವುಗಳ ಸಂಖ್ಯೆಯನ್ನು ನಾನು ಪ್ರೋಗ್ರಾಮಿನಲ್ಲಿ ಕೈಯಾರೆ ಬರೆದೆ. ಒಂದೂವರೆ ಗಂಟೆ ಕಾದ ಮೇಲೆ, ಸಾವಿರಾರು ಸುತ್ತಿನ ಸರಾಸರಿಯಾಗಿ, ನೂರಕ್ಕೆ ಎಪ್ಪತ್ತೊಂಬತ್ತು ಬಂತು. ಗೆರೆ ದಾಟಿತ್ತು. ನಂಬದವಳಾದ ನಾನು ಮತ್ತೊಮ್ಮೆ ಲೆಕ್ಕ ಹಾಕಿ ನೋಡಿದೆ. ಯಾವ ಚೀಟಿಯಿಂದಲೂ ಆಗದ್ದು, ಪರದೆಯ ಮೇಲೆ ಸಾದಾ ಅಂಕೆಯಾಗಿ ಕುಳಿತಿತ್ತು.

ಆ ಎಪ್ಪತ್ತೊಂಬತ್ತನ್ನೇ ಸ್ಲೈಡಿನಲ್ಲಿ ಹಾಕಿಕೊಂಡು ಹೋಗು ಎಂದರು ಮುಖ್ಯಸ್ಥರು. ಅಂದಿನ ಹೊಸ ಫಲಿತಾಂಶವನ್ನೇ ಸಭೆಯ ಎದುರಿಗೆ ತೆರೆಯುತ್ತೇನೆ ಎಂದೆ. ಸ್ಲೈಡನ್ನು ಯಾರು ಬೇಕಾದರೂ ತಯಾರಿಸಬಹುದು. ಆ ಹುಡುಗಿ ಮೊದಲು ಹೇಳುವುದೇ ಅದು.

ಕಾರ್ಯಕ್ರಮದ ದಿನ ಶನಿವಾರ. ಮುಂದಿನ ಸಾಲಿನಲ್ಲಿ ಸಮಿತಿಯವರಿಬ್ಬರು, ಅವರ ಪಕ್ಕ ಮುಖ್ಯಸ್ಥರು. ಗೋಡೆಗೆ ಡಬ್ಬಿಯ ಚಿತ್ರದ ಪೋಸ್ಟರು. ಹುಡುಗಿ ಅದೇ ಮೂರನೆಯ ಬೆಂಚಿನಲ್ಲಿದ್ದಳು. ನಾನು ಎರಡೂ ಡಬ್ಬಿಗಳನ್ನು ಹೊರತೆಗೆದು, ಮುಚ್ಚಳ ತೆರೆದು, ಬಿಲ್ಲೆಗಳನ್ನು ಮೇಜಿನ ಮೇಲೆ ಸುರಿದೆ.

"ಹೋದ ಸಲ ಇಲ್ಲಿ ಒಬ್ಬಳು ಒಂದು ಪ್ರಶ್ನೆ ಕೇಳಿದಳು. ನಾನು ಉತ್ತರ ಕೊಡಲಿಲ್ಲ, ಅವಳನ್ನು ಸೋಲಿಸಿದೆ. ಅವಳು ಹೇಳಿದ್ದೇ ಸರಿ. ಬಿಲ್ಲೆ ಮೊದಲೇ ಕಪ್ಪಿತ್ತು. ಇದರಲ್ಲಿ ಕ್ವಾಂಟಮ್ ಏನೂ ಇಲ್ಲ. ಚೀಟಿಯಿಂದ ಆಗದ್ದು ಒಂದಾದರೂ ಉಂಟಾ ಎಂದು ಇವತ್ತು ನೋಡುವ."

ಮುಖ್ಯಸ್ಥರು ಪೋಸ್ಟರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

ಹುಡುಗಿಯನ್ನೇ ಆಟಕ್ಕೆ ಕರೆದೆ. ಜೊತೆಗೆ ಅವಳ ಬೆಂಚಿನವಳು, ಕೊಲ್ಲಮೊಗ್ರಿನಿಂದ ಬಂದು ಹಾಸ್ಟೆಲಿನಲ್ಲಿರುವವಳು. ಇಬ್ಬರೂ ಮೂಲೆಗೆ ಹೋಗಿ ಅರ್ಧ ನಿಮಿಷ ಪಿಸುಗುಟ್ಟಿ ಬಂದರು. ಒಬ್ಬಳು ಸಭೆಯಲ್ಲಿ, ಇನ್ನೊಬ್ಬಳು ಪಕ್ಕದ ತರಗತಿಯಲ್ಲಿ. ನಲವತ್ತು ಸುತ್ತು ಆಡಿಸಿದೆವು, ಮೂವತ್ತೊಂದು ಗೆದ್ದರು: ಎಪ್ಪತ್ತೈದರ ಲೆಕ್ಕಕ್ಕಿಂತ ಒಂದು ಹೆಚ್ಚು, ನಾಣ್ಯದ ಅದೃಷ್ಟ.

"ಎಂತ ಮಾಡಿದ್ದು?" ಎಂದು ಕೇಳಿದೆ.

"ಎಂತ ಇಲ್ಲ ಮೇಡಂ. ಯಾವ ಕಾರ್ಡು ಬಂದ್ರೂ ಹೂಂ ಬರೆಯುದು. ಇಬ್ಬರಿಗೂ ಕೆಂಪು ಬಂದಾಗ ಮಾತ್ರ ಸೋಲ್ತೇವೆ."

"ಇನ್ನೂ ಹೆಚ್ಚು ಗೆಲ್ಲಲಿಕ್ಕೆ ಆಗುದಿಲ್ವಾ?"

ಅವಳು ಬೋರ್ಡಿನ ಹತ್ತಿರ ಬಂದು ಸೀಮೆಸುಣ್ಣ ತೆಗೆದುಕೊಂಡಳು. ನನ್ನ ಹಸಿರಿಗೂ ಅವಳ ಹಸಿರಿಗೂ ಒಂದೇ ಉತ್ತರ, ನನ್ನ ಹಸಿರಿಗೂ ಅವಳ ಕೆಂಪಿಗೂ ಒಂದೇ, ನನ್ನ ಕೆಂಪಿಗೂ ಅವಳ ಹಸಿರಿಗೂ ಒಂದೇ ಎಂದು ಗೆರೆ ಎಳೆಯುತ್ತ ಹೋದಳು. "ಆಗ ನಾಲ್ಕೂ ಒಂದೇ ಆಗ್ತದೆ. ಎರಡು ಕೆಂಪು ಮಾತ್ರ ಬೇರೆ ಆಗ್ಬೇಕು ಅಂದ್ರೆ ಎಲ್ಲಿಂದ ಬರುದು? ಆಗುದಿಲ್ಲ. ಮೂರೇ." ನಾನು ಈ ವಾದಕ್ಕೆ ಎರಡು ಸ್ಲೈಡು ಮಾಡಿಕೊಂಡು ಬಂದಿದ್ದೆ. ಎರಡನ್ನೂ ದಾಟಿಸಿದೆ.

ಹಿಂದಿನ ಬೆಂಚಿನ ಇಬ್ಬರು ಹುಡುಗರು ಒಪ್ಪಲಿಲ್ಲ. ತಾವು ಗೆಲ್ಲುತ್ತೇವೆ ಎಂದು ಬಂದರು. ಹನ್ನೆರಡಕ್ಕೆ ಹನ್ನೆರಡೂ ಗೆದ್ದರು. ಹದಿಮೂರನೆಯ ಸುತ್ತಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕರು ಹೊರಗಿನಿಂದ ಬಂದು, "ಮೇಡಂ, ಇವನಿಗೆ ಕೆಂಪು ಬಂದಾಗೆಲ್ಲ ಕೆಮ್ಮು ಬರ್ತದೆ" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಸಮಿತಿಯವರಲ್ಲಿ ಒಬ್ಬರೂ ನಕ್ಕರು.

"ಈಗ ಯಂತ್ರ ಆಡಲಿ" ಎಂದೆ. ಸರದಿ ಉದ್ದವಿರುತ್ತದೆಂದು ಬೆಳಿಗ್ಗೆಯೇ ಕಳಿಸಿಟ್ಟಿದ್ದ ಕೆಲಸ ಅದು. ತೆರೆದು ನೋಡಿದರೆ, ನಾವು ಅಭ್ಯಾಸ ಮಾಡಿದ್ದ ಯಂತ್ರ ಆ ದಿನ ದುರಸ್ತಿಯಲ್ಲಿತ್ತು. ಕೆಲಸ ತಾನಾಗಿ ಬೇರೊಂದು ಯಂತ್ರಕ್ಕೆ ಹೋಗಿತ್ತು. ಆಗಲೇ ಮನಸ್ಸು ಕಳವಳಗೊಂಡಿತು, ಆದರೆ ಕಾರಣ ಹೊಳೆಯಲಿಲ್ಲ. ಫಲಿತಾಂಶ ಬಂದಿದೆ ಎಂಬ ಸೂಚನೆ ಇತ್ತು. ಲೆಕ್ಕ ಹಾಕುವ ಗುಂಡಿ ಒತ್ತಿದೆ. ಪ್ರೊಜೆಕ್ಟರಿಗೆ ಇನ್ನೂ ಹಾಕಿರಲಿಲ್ಲ, ನನ್ನ ಪರದೆಯಲ್ಲಿ ಮಾತ್ರ ಬಂತು.

ಎಪ್ಪತ್ತೆರಡು.

ಗೆರೆಗಿಂತ ಕೆಳಗೆ. ಯಾವಾಗಲೂ ಹೂಂ ಎಂದು ಬರೆಯುವ ಇಬ್ಬರು ಹುಡುಗಿಯರಿಗಿಂತ ಕಡಿಮೆ.

ಪಕ್ಕದ ಟ್ಯಾಬಿನಲ್ಲಿ ಅಣಕು ಯಂತ್ರದ ಎಂಬತ್ತೈದು ತೆರೆದೇ ಇತ್ತು. ಅದೇ ಬಣ್ಣದ ಅದೇ ಚಿತ್ರ. ಮುಂದಿನ ಸಾಲಿನಲ್ಲಿ ಮುಖ್ಯಸ್ಥರಿಗೆ ನನ್ನ ಮುಖದಿಂದಲೇ ಏನೋ ತಿಳಿಯಿತು. ತೋರುಬೆರಳನ್ನು ಮೊಣಕಾಲ ಮೇಲೆ ಇಟ್ಟುಕೊಂಡೇ ಪಕ್ಕಕ್ಕೆ ಸರಿಸಿದರು. ಇನ್ನೊಂದನ್ನು ಹಾಕು ಎಂದು. ಅವರು ಕೆಟ್ಟವರಲ್ಲ. ನನ್ನ ಕೆಲಸ ಉಳಿಯಲಿ ಎಂದೇ ಅವರ ಮನಸ್ಸಿನಲ್ಲಿತ್ತು.

ಆ ಹೊತ್ತಿನಲ್ಲಿ ನನ್ನ ತಲೆಯೊಳಗೆ ಆಗಲೇ ವಾದ ತಯಾರಾಗಿತ್ತು. ಅಣಕು ಯಂತ್ರವೂ ಸಿದ್ಧಾಂತದ ಪ್ರಕಾರ ಸರಿಯೇ. ಮಕ್ಕಳಿಗೆ ಮುಖ್ಯ ತತ್ವ. ಎರಡು ವಾರದ ಹಿಂದೆ ಎಪ್ಪತ್ತೊಂಬತ್ತು ಬಂದದ್ದಂತೂ ಸತ್ಯ. ಮೂರು ಅಂಶ, ಒಂದಕ್ಕಿಂತ ಒಂದು ಗಟ್ಟಿ. ಯಾವ ತೀರ್ಪುಗಾರರೂ ಅಂಕ ಕೊಡುವಂಥವು. ಅಷ್ಟು ಬೇಗ, ಅಷ್ಟು ಚೆನ್ನಾಗಿ ಅವು ಸಾಲಾಗಿ ಬಂದು ನಿಂತದ್ದೇ ನನಗೆ ಹೆದರಿಕೆ ಹುಟ್ಟಿಸಿತು.

ಎಪ್ಪತ್ತೆರಡನ್ನೇ ಪ್ರೊಜೆಕ್ಟರಿಗೆ ಹಾಕಿದೆ.

"ಇದು ನಿಜವಾದ ಯಂತ್ರದ್ದು. ಎಪ್ಪತ್ತೆರಡು."

ಸೀಮೆಸುಣ್ಣ ಇನ್ನೂ ಕೈಯಲ್ಲೇ ಇದ್ದ ಆಲಂಕಾರಿನ ಹುಡುಗಿ, "ಹಾಗಾದ್ರೆ ಚೀಟಿಯೇ ಗೆದ್ದದ್ದು" ಎಂದಳು.

"ಇವತ್ತಿಗೆ ಹೌದು."

"ಎಂತಕ್ಕೆ ಹಾಗಾಯ್ತು?"

"ಗೊತ್ತಿಲ್ಲ. ನೋಡಿ ಹೇಳ್ತೇನೆ."

ಎಂಟು ವರ್ಷದಲ್ಲಿ ಯಾವ ವೇದಿಕೆಯ ಮೇಲೂ "ಗೊತ್ತಿಲ್ಲ" ಎಂಬ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಸಮಿತಿಯವರಲ್ಲಿ ನಗದೆ ಇದ್ದವರು ಏನೋ ಬರೆದುಕೊಂಡರು. ಉಪನ್ಯಾಸಕರು ಬಾಗಿಲಿನಿಂದಲೇ ಇನ್ನೊಂದು ಪ್ರಶ್ನೆ ಎಸೆದರು: "ಮೇಡಂ, ಎರಡೂ ಕ್ಯೂಬಿಟ್ ಒಂದೇ ಚಿಪ್‌ನೊಳಗೆ ಉಂಟಲ್ಲ. ಆ ಹುಡುಗ ಕೆಮ್ಮಿದ ಹಾಗೆ ಅವು ಒಳಗೊಳಗೇ ಕೆಮ್ಮುದಿಲ್ಲ ಅಂತ ಎಂತ ಗ್ಯಾರಂಟಿ?"

"ನಮ್ಮ ಪ್ರಯೋಗದಲ್ಲಿ ಗ್ಯಾರಂಟಿ ಇಲ್ಲ ಸರ್. ದೂರ ದೂರ ಇಟ್ಟು, ಕೆಮ್ಮಲಿಕ್ಕೆ ಪುರುಸೊತ್ತು ಕೊಡದೆ ಮಾಡಿದ ಪ್ರಯೋಗಗಳು ಬೇರೆ ಉಂಟು. ನಮ್ಮದು ಅದಲ್ಲ."

ಸಮಾರೋಪ ಮುಗಿಯಿತು. ಮುಖ್ಯಸ್ಥರು ಸಮಿತಿಯವರ ಕಾರಿನಲ್ಲಿ ಹೊರಟರು. ಹತ್ತುವ ಮೊದಲು ನನ್ನ ಹತ್ತಿರ ಬಂದು, "ಡಬ್ಬಿ ಕೈಯಲ್ಲೇ ಇತ್ತಲ್ಲ ಮಾರಾಯ್ತಿ" ಎಂದಷ್ಟೇ ಹೇಳಿದರು.

ನಾನು ಬಸ್ಸಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ತೆರೆದೆ. ತಪ್ಪು ಹುಡುಕಲು ಹತ್ತು ನಿಮಿಷವೂ ಬೇಕಾಗಲಿಲ್ಲ. ನಾನು ಕೈಯಾರೆ ಬರೆದಿದ್ದ ಕ್ಯೂಬಿಟ್ ಸಂಖ್ಯೆಗಳು ಹಳೆಯ ಯಂತ್ರದವು. ಹೊಸ ಯಂತ್ರದ ಜಾಲದಲ್ಲಿ ಅದೇ ಸಂಖ್ಯೆಯ ಎರಡು ಕ್ಯೂಬಿಟ್‌ಗಳು ಪಕ್ಕಪಕ್ಕದಲ್ಲಿರಲಿಲ್ಲ, ನಡುವೆ ಇನ್ನೂ ಕೆಲವು ಇದ್ದವು. ಅವನ್ನು ಹೆಣೆಯಲು ಸಂಬಂಧವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಹೋಗಬೇಕು, ಪ್ರತಿ ಸಲ ದಾಟಿಸಿದಾಗಲೂ ಒಂದಿಷ್ಟು ತಪ್ಪು ಸೇರುತ್ತದೆ. ಯಂತ್ರದ ದೋಷವಲ್ಲ, ಮೊದಲೇ ಬರೆದಿಟ್ಟ ಸಂಖ್ಯೆ ಎಲ್ಲ ಕಡೆಯೂ ನಡೆಯುತ್ತದೆ ಎಂದುಕೊಂಡ ನನ್ನ ದೋಷ. ಪಟ್ಟಿ ನೋಡಿ ಒಳ್ಳೆಯ ಜೋಡಿಯನ್ನು ಆರಿಸಿ, ಫೋನಿನ ನೆಟ್‌ವರ್ಕ್ ಇದ್ದಲ್ಲಿ ಕೆಲಸ ಕಳಿಸಿದೆ. ಸರದಿ ಚಿಕ್ಕದಿತ್ತು. ಪುತ್ತೂರು ತಲುಪುವ ಮೊದಲೇ ಉತ್ತರ ಬಂತು.

ಎಂಬತ್ತೊಂದು.

ಬಸ್ಸಿನಲ್ಲೇ ಎದ್ದು ನಿಂತೆ. ಪಕ್ಕದವರು ಇಳಿಯುತ್ತೇನೆಂದು ಕಾಲು ಸರಿಸಿದರು. ಕಡಬದ ಉಪನ್ಯಾಸಕರಿಗೆ ಫೋನ್ ಮಾಡಿದೆ. ಅವರೂ ಕೆಲವು ಮಕ್ಕಳೂ ಇನ್ನೂ ಸಭಾಂಗಣದ ಕುರ್ಚಿ ಜೋಡಿಸುತ್ತಿದ್ದರು. ತಪ್ಪು ಎಲ್ಲಾಗಿತ್ತು, ಈಗ ಎಷ್ಟು ಬಂತು ಎಂದು ಒಂದೇ ಉಸಿರಿಗೆ ಹೇಳಿದೆ. "ಅವಳಿಗೆ ಹೇಳಿ ಸರ್."

"ಇಲ್ಲೇ ಇದ್ದಾಳೆ. ಒಂದು ನಿಮಿಷ." ಅತ್ತ ಮಾತು ಕೇಳಿಸಿತು. ಆಮೇಲೆ ಅವರೇ ಬಂದರು. "ಮೇಡಂ, ಅವಳು ಕೇಳ್ತಾಳೆ, ಎಂಬತ್ತೊಂದು ಬರುವ ತನಕ ಎಷ್ಟು ಸಲ ಓಡಿಸಿದ್ರು ಅಂತ."

ನನಗೆ ನಗು ಬಂತು, ಸಿಟ್ಟೂ ಬಂತು. "ಒಂದೇ ಸಲ. ಈ ಯಂತ್ರದಲ್ಲಿ ಬೆಳಿಗ್ಗೆಯದ್ದೂ ಸೇರಿದರೆ ಎರಡು."

ಮತ್ತೆ ಅತ್ತ ಮಾತು. "ಎರಡನ್ನೂ ಬರೆದಿಡ್ತಾಳಂತೆ."

ವಾರದ ಮೇಲೆ ಸಮಿತಿಯ ವರದಿ ಬಂತು. ನಮ್ಮ ಕಾರ್ಯಕ್ರಮದ ಬಗ್ಗೆ ಇದ್ದದ್ದು ಎರಡೇ ವಾಕ್ಯ: ಪ್ರಾತ್ಯಕ್ಷಿಕೆ ನಿರೀಕ್ಷಿತ ಫಲ ನೀಡಲಿಲ್ಲ; ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳ ಮಟ್ಟ ಉತ್ತಮವಾಗಿತ್ತು. ಹುದ್ದೆಯನ್ನು ಪೂರ್ತಿ ವರ್ಷಕ್ಕಲ್ಲ, ಒಂದು ಸೆಮಿಸ್ಟರಿಗೆ ಮುಂದುವರಿಸಬಹುದು ಎಂದು ಶಿಫಾರಸು. ಮುಖ್ಯಸ್ಥರು ಹಾಳೆಯನ್ನು ನನ್ನತ್ತ ತಳ್ಳಿ, "ಮೊದಲನೇ ವಾಕ್ಯಕ್ಕೆ ಉತ್ತರ ಬರಿ. ಎಂಬತ್ತೊಂದು ಬಂದದ್ದು ಉಂಟಲ್ಲ, ಅದನ್ನು ಹಾಕು" ಎಂದರು. ಹಾಕಿದೆ. ಅದರ ಮೇಲಿನ ಸಾಲಿನಲ್ಲಿ ಎಪ್ಪತ್ತೆರಡನ್ನೂ ಹಾಕಿದೆ. ಅವರು ಓದಿ, ನಿಟ್ಟುಸಿರು ಬಿಟ್ಟು, ಸಹಿ ಮಾಡಿದರು.

ಹೊಸ ಸೆಮಿಸ್ಟರಿನ ಮೊದಲ ವಾರ ಯಾರೂ ಕರೆಯದೆ ಕಡಬಕ್ಕೆ ಹೋದೆ. ಭೌತಶಾಸ್ತ್ರದ ಲ್ಯಾಬಿನಲ್ಲಿ ಬೋರ್ಡಿನ ಮೇಲಿನ ಮೂಲೆಗೆ ಚೌಕ ಹಾಕಿ, ಅಳಿಸಬಾರದು ಎಂದು ಬರೆದಿದ್ದರು. ಒಳಗೆ ಎರಡು ಅಂಕೆ: 72, 81. ಕೆಳಗೆ ಮೂರನೆಯದಕ್ಕೆ ಖಾಲಿ ಗೆರೆ. ನಾನು ಲ್ಯಾಪ್‌ಟಾಪು ತೆರೆದು, ಅಂದಿನ ಪಟ್ಟಿ ನೋಡಿ ಜೋಡಿ ಆರಿಸುವಾಗ ಹುಡುಗಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ತಡೆದಳು.

"ಮೇಡಂ, ಎಷ್ಟು ಬರ್ತದೆ ಅಂತ ಮೊದಲೇ ಬರೆದಿಡುವ. ಎಷ್ಟಕ್ಕಿಂತ ಕಮ್ಮಿ ಆದ್ರೆ ನೀವು ಸೋತ ಹಾಗೆ ಅಂತಲೂ. ಆಮೇಲೆ ಮಾತು ಬೇಡ."

ಅವಳು ಒಂದು ಚೀಟಿ ಬರೆದಳು, ನಾನೊಂದು, ಉಪನ್ಯಾಸಕರೊಂದು. ನನ್ನ ಚೀಲದಲ್ಲಿ ಡಬ್ಬಿಗಳು ಇನ್ನೂ ಇದ್ದವು. ಒಂದನ್ನು ತೆಗೆದು ಮೂರೂ ಚೀಟಿ ಅದರೊಳಗೆ ಹಾಕಿ ಮುಚ್ಚಳ ಒತ್ತಿದೆ. ಕೆಲಸ ಕಳಿಸಿದೆ. ಸರದಿಯಲ್ಲಿ ನಮ್ಮ ಮುಂದೆ ಬಹಳ ಮಂದಿಯಿದ್ದರು. ಸಂಜೆಯಾಗಬಹುದು ಎಂದು ತೋರಿಸುತ್ತಿತ್ತು. ಡಬ್ಬಿಯನ್ನು ಚೀಲಕ್ಕೆ ಹಾಕಲು ಹೊರಟೆ.

ಅವಳು ಕೈ ಚಾಚಿದಳು.

"ಅದು ನನ್ನ ಹತ್ರ ಇರ್ಲಿ ಮೇಡಂ. ನಿಮಗೆ ಮಾತು ಬರ್ತದೆ."